ನಿಮಗಿದು ಗೊತ್ತೆ? ಮಂಗಳೂರಿನ ವರ್ತಕನ ಪತ್ರ ಕೈರೋದಲ್ಲಿ!

12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿಯೊಬ್ಬನ ಕಾಗದಪತ್ರಗಳು ಸಿಕ್ಕಿದ್ದು ಈಜಿಪ್ಟಿನ ಕೈರೋದಲ್ಲಿ, ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ!

ಆತನ ಹೆಸರು ಅಬ್ರಹಾಂ ಬೆನ್ ಯಿಜು. ಮೂಲತಃ ಈಗಿನ ಟ್ಯುನೀಷಿಯಾದವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಇಲ್ಲಿನ ಅಶು ಎಂಬ ಹೆಣ್ಣಿನೊಂದಿಗೆ ಸಂಸಾರ ಹೂಡಿದ. 1149ರಲ್ಲಿ ಯೆಮನ್ನಿನ ಬಂದರು ಏಡನ್‌ಗೆ ಮರಳಿದ.

ಕರಾವಳಿಯಿಂದ ಕರಿಮೆಣಸು, ಅಡಿಕೆ, ಕಂಚಿನ ಸಾಮಾನು ಏಡನ್‌ಗೆ ಹಡಗೇರುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಸರಕು ತೆಗೆದುಕೊಂಡು ಸಮುದ್ರ ದಾಟುತ್ತಿದ್ದವನು ಬೆನ್ ಯಿಜುವಿನ ನಂಬಿಕೆಯ ಆಳು ಬೊಮ್ಮ. ಏಡನ್ನಿನ ವರ್ತಕರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ವಂದನೆ ತಿಳಿಸುತ್ತಿದ್ದರು.

ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬುದು ಯಹೂದಿಗಳ ನಂಬಿಕೆ. ಹಾಗಾಗಿ ದೇವರ ಹೆಸರಿದ್ದ ವ್ಯಾಪಾರದ ಪತ್ರಗಳೂ ಆ ಕೋಣೆ ಸೇರಿ ಉಳಿದುಕೊಂಡವು. ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಹಾಳೆಗಳಲ್ಲಿ ಯಹೂದಿ, ಮುಸ್ಲಿಂ, ಹಿಂದೂ ವರ್ತಕರು ಒಟ್ಟಾಗಿ ಬರುತ್ತಾರೆ. ಭಾಷೆ, ಧರ್ಮ ಬೇರೆಯಾದರೂ ಅವರ ವ್ಯವಹಾರ ನಡೆದದ್ದು ಪರಸ್ಪರ ನಂಬಿಕೆಯ ಮೇಲೆ.