ಖಣದ ಸಂಚಿ, ಕೈಯ ಕೂಲಿ

ಉತ್ತರ ಕರ್ನಾಟಕದ ಹಿಂದಿನ ತಲೆಮಾರಿನ ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ ನೋಡಿದವರಿಗೆ, ಕುಪ್ಪಸ ಹೊಲಿದು ಉಳಿದ ಖಣದ ಚೂರೂ ಹರಿದ ಸೀರೆಯ ಗಟ್ಟಿಯಾದ ಅಂಚೂ ಒಂದಕ್ಕೊಂದು ಕೂಡಿಕೊಂಡು, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆ ಕಾಸಿಗೊಂದು ಎಂದು ಅರೆಗಳಾಗಿ ವಿಭಾಗಗೊಂಡಿದ್ದ ಆ ಕೌಶಲ ಎಷ್ಟು ವಿವೇಕಯುತವಾದುದೆಂಬುದು ಮನವರಿಕೆಯಾಗದೆ ಇರದು. ಉಟ್ಟು ಸವೆದ ಸೀರೆಗಳು ಪದರಪದರವಾಗಿ ಕೌದಿಯಾಗುತ್ತಿದ್ದುದೂ ಇದೇ ವಿವೇಕದಿಂದಲೇ. ಇಂದು ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆ, ಬೆಂಗಳೂರುಗಳ ಎಷ್ಟೋ ಮನೆಗಳಲ್ಲಿ ಹೊಲಿಗೆಯ ಮಷೀನಿನ ಮುಂದೆ ಕುಳಿತು ಖಣದ ಕೈಚೀಲ, ಪರ್ಸು, ಕಿವಿಯೋಲೆ, ಕೊರಳ ಸರಗಳನ್ನು ಸಿದ್ಧಪಡಿಸಿ ಮಾರುತ್ತಿರುವ ಗೃಹಿಣಿಯರನ್ನು ಹೊಸ ಫ್ಯಾಷನ್ನಿನ ಬೆನ್ನುಹತ್ತಿದವರೆಂದು ಭಾವಿಸುವುದು ಸರಿಯಲ್ಲ. ಅವರು ಆ ಸಂಚಿಯ ಪರಂಪರೆಯ ನೇರ ಉತ್ತರಾಧಿಕಾರಿಗಳು.

ಖಣವೆಂದರೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಮುಖ್ಯ ನೆಲೆಯಾಗಿರುವ, ಕುಪ್ಪಸಕ್ಕೆಂದೇ ನೇಯುವ ವಸ್ತ್ರ. ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಮೊದಲಾದ ಹೆಸರುಗಳುಳ್ಳ ಸೂಕ್ಷ್ಮ ವಿನ್ಯಾಸಗಳು ನೇಯ್ಗೆಯಲ್ಲಿಯೇ ಮೂಡಿ ಬರುವುದರಿಂದ, ಅಂಗೈಯಗಲದ ಚೂರಿನಲ್ಲಿಯೂ ವಿನ್ಯಾಸ ಪೂರ್ಣವಾಗಿಯೇ ಕಾಣುತ್ತದೆ. ಚಿಕ್ಕ ಆಭರಣಗಳಿಗೆ ಈ ಬಟ್ಟೆ ಇಷ್ಟು ಚೆನ್ನಾಗಿ ಒದಗುವುದು ಈ ಗುಣದಿಂದಲೇ. ದೊಡ್ಡ ಹೂವಿನ ಸೀರೆಯ ತುಂಡಿನಿಂದ ಕಿವಿಯೋಲೆ ಮಾಡಹೊರಟರೆ ಅರ್ಧ ಎಸಳು ಮಾತ್ರ ಉಳಿದೀತು. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಕೆಂಪಂಚು ನಟ್ಟನಡುವೆ ಬರುವಂತೆ ಖಣವನ್ನು ಅದರ ಮೇಲೆ ಬಿಗಿಯಾಗಿ ಎಳೆದು, ಹಿಂಬದಿಗೆ ಹಳೆಯ ಧೋತರದ ಅಸ್ತರು ಕೊಟ್ಟು, ಸುತ್ತಲಿನ ಅಂಚನ್ನು ಅಂಟಿಗೆ ಬದಲಾಗಿ ಸೂಜಿಯಿಂದಲೇ ಮುಚ್ಚಿದ ಓಲೆಯನ್ನು ನೋಡಿದಾಗ, ಬಿಸಾಡಬೇಕಾಗಿದ್ದ ಮೂರು ವಸ್ತುಗಳು ಕೂಡಿ ಒಂದು ಅಲಂಕಾರವಾದುದರ ಸಂತೋಷ ನೋಡುವವರಿಗೂ ತಟ್ಟುತ್ತದೆ.

ಆದರೆ ಪರಿಸರಸ್ನೇಹಿ ಎಂಬ ಚೀಟಿಯನ್ನು ಅಂಟಿಸುವ ಮೊದಲು ಬಟ್ಟೆಯ ಕುಲವನ್ನು ವಿಚಾರಿಸುವುದು ಅವಶ್ಯಕ. ಖಣದ ವಿನ್ಯಾಸವನ್ನೇ ಅನುಕರಿಸಿದ ಪಾಲಿಯೆಸ್ಟರ್ ಬಟ್ಟೆ ಪೇಟೆಯಲ್ಲಿ ಹೇರಳವಾಗಿದೆ. ಅಗ್ಗವೂ ಹೌದು, ಹೊಳಪೂ ಹೆಚ್ಚು. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಅಂಚಿನಿಂದ ಎರಡೆಳೆ ನೂಲನ್ನು ಕಿತ್ತು ದೀಪಕ್ಕೆ ಹಿಡಿದರೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರುತ್ತದೆ; ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ; ಪಾಲಿಯೆಸ್ಟರ್ ಆದರೋ ಮುದುಡಿ, ಕರಗಿ, ಗಟ್ಟಿಯಾದ ಕರಿಯ ಮಣಿಯಾಗಿ ನಿಲ್ಲುತ್ತದೆ. ಬಣ್ಣದ ವಿಷಯವೂ ಹೀಗೆಯೇ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಹಳ್ಳಿಯ ಮಹಿಳೆಯರು ನಡೆಸುವ ಚರಕ ಸಹಕಾರ ಸಂಘದವರು, ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ದೊರೆಯುವ ಚೊಗರಿನಿಂದ ಕೈಮಗ್ಗದ ಹತ್ತಿಗೆ ಕೆಂಗಂದು ಬಣ್ಣವನ್ನು ಊಡುತ್ತ ಬಂದಿದ್ದಾರೆ. ಸುತ್ತಲಿನ ನೆಲವೇ ಕೊಡುವ ಬಣ್ಣಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತೋರುವುದಿಲ್ಲ.

ಇನ್ನು ಕಸೂತಿಯ ಮಾತು. ಬಟ್ಟೆಯ ಮೇಲೆ ಗೆರೆಯೆಳೆದುಕೊಳ್ಳದೆ, ಹಾಸು ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಎಣಿಸುತ್ತ ಹಾಕುವ ಈ ಕಲೆಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಗಾವಂತಿಯಲ್ಲಿ ಸೂಜಿ ಮೊದಲು ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬಿಕೊಂಡು ಬರುತ್ತದೆ. ದಾರಕ್ಕೆ ಗಂಟು ಹಾಕುವ ಪದ್ಧತಿಯಿಲ್ಲದುದರಿಂದ ಬಟ್ಟೆಯ ಒಳಮೈಯೂ ಹೊರಮೈಯಷ್ಟೇ ಶುಭ್ರವಾಗಿ ಕಾಣುತ್ತದೆ. ನಡುವೆ ಒಂದೇ ಒಂದು ಎಳೆ ತಪ್ಪಿತೆನ್ನಿ, ಗೋಪುರದ ಶಿಖರ ಓರೆಯಾಗುವುದು. ಆಗ ತಪ್ಪಿದ ಎಡೆಯವರೆಗೆ ಬಿಚ್ಚಿಕೊಂಡು ಬರುವುದಲ್ಲದೆ ಅನ್ಯಮಾರ್ಗವಿಲ್ಲ. ಪುಟ್ಟ ಪರ್ಸಿನ ಮೇಲಿನ ಒಂದು ತುಳಸಿಕಟ್ಟೆಗೆ ಎಷ್ಟು ಹೊತ್ತು ಹಿಡಿಯುವುದೆಂಬುದು ಸೂಜಿ ಹಿಡಿದವರಿಗೆ ಮಾತ್ರ ಗೊತ್ತು.

ಗೃಹೋದ್ಯಮಗಳು ಎಡವುವುದು ಈ ಹೊತ್ತಿನ ಲೆಕ್ಕದಲ್ಲಿಯೇ. ಕಸೂತಿಯಿರುವ ಒಂದು ಪರ್ಸಿಗೆ ಬಟ್ಟೆಗೆ 40 ರೂಪಾಯಿ, ಅಸ್ತರು, ಜಿಪ್ಪು, ದಾರಕ್ಕೆ 35, ಕಟ್ಟುವ ಕಾಗದಕ್ಕೆ 15, ವಿದ್ಯುತ್ತು ಹಾಗೂ ಮಷೀನಿನ ಸವಕಳಿಗೆ 10, ಅಂತೂ 100 ರೂಪಾಯಿ ತಗಲಿತೆಂದು ಇಟ್ಟುಕೊಳ್ಳೋಣ. ಕೈಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ‘ಮನೆಯಲ್ಲೇ ಕೂತು ಮಾಡಿದ್ದಲ್ಲವೆ, 200 ರೂಪಾಯಿ ಸಾಕು’ ಎಂದು ಆಕೆ ಬೆಲೆ ಕಟ್ಟಿದರೆ ಗಂಟೆಗೆ 25 ರೂಪಾಯಿ ಕೂಲಿ ಬಿದ್ದಂತಾಯಿತು. ಅದನ್ನೇ ನೂರಕ್ಕೆ ಮೂವತ್ತು ಕಮಿಷನ್ ಹಿಡಿಯುವ ಅಂಗಡಿಯ ಮೂಲಕ ಮಾರಿದರೆ ಅಂಗಡಿಗೆ 60 ಹೋಗಿ, ನಾಲ್ಕು ಗಂಟೆಯ ದುಡಿಮೆಗೆ ಉಳಿಯುವುದು 40 ರೂಪಾಯಿ, ಅಂದರೆ ಗಂಟೆಗೆ 10. ಗಂಟೆಗೆ 75 ರೂಪಾಯಿಯಾದರೂ ಸಲ್ಲಬೇಕೆಂದರೆ ಮನೆಯ ಬಾಗಿಲಲ್ಲಿ ಅದರ ಬೆಲೆ 400, ಅಂಗಡಿಯಲ್ಲಿ ಸುಮಾರು 570 ಆಗತಕ್ಕದ್ದು. ಈ ಬೆಲೆ ಕೇಳಿ ಹಿಂದೆಗೆಯುವ ಗಿರಾಕಿಗಳು ಇದ್ದೇ ಇರುತ್ತಾರೆ. ಅಂಥವರಿಗಾಗಿ ಕಸೂತಿಯಿಲ್ಲದ, ಅರ್ಧ ಗಂಟೆಯಲ್ಲಿ ಮುಗಿಯುವ ಸಾದಾ ಖಣದ ಸಂಚಿಗಳನ್ನು ಮಾಡಿಡಬಹುದು. ಆದರೆ ಕಸೂತಿಯ ಬೆಲೆಯನ್ನು ಇಳಿಸತಕ್ಕದ್ದಲ್ಲ. ಭೂಮಿಯ ಮೇಲೆ ದಯೆ ತೋರಿ ಮಾಡಿದ ವಸ್ತು, ಅದನ್ನು ಮಾಡಿದ ಹೆಂಗಸಿನ ಕಣ್ಣು ಬೆನ್ನುಗಳ ಮೇಲೆ ನಿರ್ದಯವಾಗಿದ್ದರೆ ಅದನ್ನು ಸುಸ್ಥಿರವೆಂದು ಕರೆಯಲು ನನಗಂತೂ ಮನಸ್ಸು ಬಾರದು. ಮಂಗಳೂರಿನಲ್ಲಿ ಹುಟ್ಟಿ, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕುಶಲಕರ್ಮಿಯ ವಸ್ತುವಿಗೆ ಪೇಟೆಯನ್ನೂ ಅವನ ಕೈಗೆ ಗೌರವವನ್ನೂ ದೊರಕಿಸಿಕೊಡಲು ಜೀವನವನ್ನೇ ಸವೆಸಿದರು. ಮನೆಯೊಳಗಿನ ಈ ಕೈಗಳಿಗೂ ಆ ಗೌರವದಲ್ಲಿ ಪಾಲು ಸಲ್ಲಬೇಕು.

ಕಾಗದಪತ್ರಗಳ ಕೆಲಸ ಹೆದರುವಷ್ಟು ಕಠಿನವಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಆಧಾರ್ ಸಂಖ್ಯೆಯ ಮೂಲಕ ಮನೆಯಿಂದಲೇ ಮಾಡಿಕೊಳ್ಳಬಹುದು. ಅದಕ್ಕೆ ಯಾವ ಶುಲ್ಕವೂ ಇಲ್ಲವಾದ್ದರಿಂದ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದೇ ಲೇಸು. ರಾಜ್ಯದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವುದಿಲ್ಲ. ಹೊರರಾಜ್ಯಕ್ಕೆ ಕಳಿಸುವಾಗಲೂ ಅಂತರ್ಜಾಲದ ಮಳಿಗೆಗಳಲ್ಲಿ ಮಾರುವಾಗಲೂ ಬೇರೆ ನಿಯಮಗಳಿರುವುದರಿಂದ ತಿಳಿದವರನ್ನು ಕೇಳಿಯೇ ಹೆಜ್ಜೆಯಿಡಬೇಕು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದ್ದು, ಅರ್ಹರಿಗೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಯವರೆಗೆ ಸಾಲ ಲಭಿಸುತ್ತದೆ.

ಲಗ್ನದ ಕಾಲ ಬಂತೆಂದರೆ ತಾಂಬೂಲಕ್ಕೆ ಇನ್ನೂರು ಸಂಚಿ ಬೇಕೆಂದು ಒಮ್ಮೆಲೆ ಕೇಳುವವರು ಬರುತ್ತಾರೆ. ಒಬ್ಬಳೇ ರಾತ್ರಿಯೆಲ್ಲ ಕಣ್ಣುಬಿಟ್ಟು ಹೊಲಿಯುವುದಕ್ಕಿಂತ ಓಣಿಯ ನಾಲ್ವರನ್ನು ಕೂಡಿಸಿಕೊಳ್ಳುವುದು ಸರಿಯಾದ ಹಾದಿ. ಆಗ ಸಂಚಿಗೆ ಇಷ್ಟು ಎಂದು ಅವರಿಗೆ ಕೊಡುವ ಕೂಲಿಯೂ ತನಗೆ ತಾನು ಕಟ್ಟಿಕೊಂಡ ಗಂಟೆಯ ದರಕ್ಕಿಂತ ಕಡಮೆಯಾಗಕೂಡದು. ಬಟ್ಟೆಗಾಗುವ ಮುಂಗಡವನ್ನು ಮೊದಲೇ ಪಡೆದು, ಗುಳೇದಗುಡ್ಡದಿಂದ ಒಂದೇ ಬಣ್ಣದ ಖಣ ಅಷ್ಟು ಸಿಕ್ಕೀತೇ ಎಂದು ನೇಕಾರರನ್ನು ವಿಚಾರಿಸಿ, ಆಮೇಲೆ ದಿನಾಂಕ ಒಪ್ಪಿಕೊಳ್ಳಬೇಕು. ಮಗ್ಗಕ್ಕೂ ಸೂಜಿಗೂ ಬೇಕಾದಷ್ಟು ದಿನ ಕೊಡಲೊಪ್ಪದ ಗಿರಾಕಿಗೆ, ಎಷ್ಟೇ ದೊಡ್ಡ ಬೇಡಿಕೆಯಾಗಿರಲಿ, ಆಗದೆಂದು ವಿನಯದಿಂದ ಹೇಳಿ ಕಳಿಸಬಹುದು.