ದೇಹಕ್ಕೂ ಒಂದು ಪಹಣಿ ಬೇಡವೆ?

2024ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯೆಯೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು. ಹದಿನೈದು ವರ್ಷಗಳ ಹಿಂದೆ ನಿಮ್ಮ ಎದೆಯಲ್ಲಿ ಇರಿಸಿದ ಸಿಲಿಕೋನ್ ಇಂಪ್ಲಾಂಟ್ ಯಾವ ಕಂಪನಿಯದು? ಅದರ ಗಾತ್ರವೆಷ್ಟು? ಅದರ ಮೇಲ್ಮೈ ನುಣುಪಾದದ್ದೋ, ಒರಟಾದದ್ದೋ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತಮೂರು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಬಹುಪಾಲನ್ನು ಕಂದಾಯ ಕಡತಗಳ ನಡುವೆ ಕಳೆದು, ‘ದಾಖಲೆ ಎಲ್ಲಿದೆ?’ ಎಂದು ಸಾವಿರಾರು ಜನರನ್ನು ಕೇಳಿದ ನಾನು, ನನ್ನ ದೇಹದ ಬಗೆಗಿನ ದಾಖಲೆಯೇ ಇಲ್ಲದೆ ಅಂದು ತಲೆ ತಗ್ಗಿಸಿ ಕುಳಿತಿದ್ದೆ.

2009ರಲ್ಲಿ, ನನ್ನ ಐವತ್ತನೆಯ ವಯಸ್ಸಿನಲ್ಲಿ, ಎಡಸ್ತನದಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅಲ್ಲಿನ ಆಸ್ಪತ್ರೆಯಲ್ಲಿ ಸ್ತನವನ್ನು ತೆಗೆದು, ಅದೇ ಶಸ್ತ್ರಚಿಕಿತ್ಸೆಯಲ್ಲಿ ಇಂಪ್ಲಾಂಟ್ ಇರಿಸಿದರು. ವಿಕಿರಣ ಚಿಕಿತ್ಸೆ ಬೇಕಾಗಲಿಲ್ಲ. ಐದು ವರ್ಷ ಮಾತ್ರೆ ನುಂಗಿದೆ, ಗುಣಮುಖಳಾದೆ. ಸಿಲಿಕೋನ್ ಚೀಲದೊಳಗೆ ಸಿಲಿಕೋನ್ ಜೆಲ್ ತುಂಬಿದ ಈ ಸಾಧನವನ್ನು ಮೊದಲ ಬಾರಿಗೆ ಮಹಿಳೆಯೊಬ್ಬರ ಎದೆಯಲ್ಲಿ ಇರಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಇದು ಜೀವಮಾನವಿಡೀ ಬಾಳುವ ವಸ್ತುವಲ್ಲ ಎಂದು ಆ ದೇಶದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೇ ಹೇಳುತ್ತದೆ. ನನಗೆ ಆ ಮಾತನ್ನು ಯಾರೂ ಹೇಳಲಿಲ್ಲ. ಹೇಳಿದ್ದರೂ, ಕ್ಯಾನ್ಸರ್ ಎಂಬ ಪದದ ಮುಂದೆ ಅಂದು ನನ್ನ ಕಿವಿಗೆ ಬೀಳುತ್ತಿರಲಿಲ್ಲವೇನೋ.

ಆಸ್ಪತ್ರೆಯಿಂದ ಬರುವಾಗ ಒಂದು ದಪ್ಪ ಫೈಲ್ ಕೊಟ್ಟಿದ್ದರು. ಅದರಲ್ಲಿ ಇಂಪ್ಲಾಂಟಿನ ಕಾರ್ಡೂ ಇದ್ದಿರಬೇಕು. ಅದನ್ನು ನಾನು ಬಂಟ್ವಾಳದ ಮನೆಯ ಅಟ್ಟಕ್ಕೆ ಸೇರಿಸಿದೆ. ಕಾರಣ ಸರಳ: ನೆಂಟರ ಕಣ್ಣಿಗೆ ಬೀಳಬಾರದು. ಕ್ಯಾನ್ಸರ್ ಬಂದದ್ದನ್ನು ಹೇಗೋ ಹೇಳಿಕೊಂಡಿದ್ದೆ. ಇಂಪ್ಲಾಂಟ್ ಹಾಕಿಸಿಕೊಂಡದ್ದನ್ನು ಗಂಡ, ಮಗಳು ಮತ್ತು ಬೆಳ್ತಂಗಡಿಯ ಅಕ್ಕನ ಹೊರತು ಯಾರಿಗೂ ಹೇಳಿರಲಿಲ್ಲ. ನಿವೃತ್ತಳಾಗಿ ಊರಿಗೆ ಮರಳಿ ಅಟ್ಟ ಹತ್ತಿಸಿ ನೋಡಿದಾಗ ಫೈಲಿನ ಜಾಗದಲ್ಲಿ ಗೆದ್ದಲು ಕಟ್ಟಿದ ಮಣ್ಣು ಮಾತ್ರ ಉಳಿದಿತ್ತು. ಬಂಟ್ವಾಳದ ಪೇಟೆಯಲ್ಲಿ 1974ರ ನೇತ್ರಾವತಿ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರು ಇಂದಿಗೂ ಗೋಡೆ ಮುಟ್ಟಿ ತೋರಿಸುತ್ತಾರೆ. ನನ್ನ ಎದೆಯೊಳಗೆ ಏನಿದೆಯೆಂದು ತೋರಿಸಲು ಒಂದು ಚೀಟಿಯೂ ಉಳಿದಿರಲಿಲ್ಲ.

ಆಸ್ಪತ್ರೆಗೆ ಬರೆದೆ. ಅಷ್ಟು ಹಳೆಯ ಕಡತಗಳನ್ನು ವಿಲೇವಾರಿ ಮಾಡಲಾಗಿದೆ ಎಂಬ ಎರಡು ಸಾಲಿನ ಉತ್ತರ ಬಂತು. ಅದರಲ್ಲಿ ನಿಯಮೋಲ್ಲಂಘನೆಯೇನೂ ಇರಲಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ. ಆದರೆ ಆ ಮೂರು ವರ್ಷದೊಳಗೆ ಕೇಳಬೇಕೆಂದು ತಿಳಿದಿರುವವರು ಎಷ್ಟು ಮಂದಿ? 1974ರ ತಿದ್ದುಪಡಿಯ ಬಳಿಕ ನಮ್ಮ ಜಿಲ್ಲೆಯ ಗೇಣಿದಾರರು ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನು ಮೂವತ್ತು ವರ್ಷಗಳ ನಂತರವೂ ರೆಕಾರ್ಡ್ ರೂಮಿನಿಂದ ತೆಗೆಸಿ ಓದಿದ್ದೇನೆ. ಐದು ಸೆಂಟ್ಸ್ ಜಾಗದ ಇತಿಹಾಸವನ್ನು ತಲೆಮಾರುಗಳ ಕಾಲ ಕಾಯುವ ನಾವು, ಹತ್ತು ಹದಿನೈದು ವರ್ಷ ದೇಹದೊಳಗೆ ಇರಲಿರುವ ವಸ್ತುವಿನ ಇತಿಹಾಸವನ್ನು ಮೂರೇ ವರ್ಷಕ್ಕೆ ಸುಟ್ಟುಹಾಕಲು ಅನುಮತಿ ಕೊಟ್ಟಿದ್ದೇವೆ.

ಕಾರ್ಡ್ ಇಲ್ಲದಿರುವುದರ ಬೆಲೆ ನನಗೆ ತಿಳಿದದ್ದು 2019ರ ಜುಲೈನಲ್ಲಿ, ನಿವೃತ್ತಿಯ ವರ್ಷ. ಅಲರ್ಗನ್ ಕಂಪನಿಯು ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂಪಡೆದ ಸುದ್ದಿಯನ್ನು ಅಂದು ಓದಿದೆ. ಇಂಪ್ಲಾಂಟಿನ ಸುತ್ತಲಿನ ಅಂಗಾಂಶದಲ್ಲಿ ಅಪರೂಪವಾಗಿ ಹುಟ್ಟುವ ಒಂದು ಬಗೆಯ ಲಿಂಫೋಮಾಕ್ಕೂ ಆ ಮೇಲ್ಮೈಗೂ ನಂಟಿರುವುದು ಕಂಡುಬಂದಿತ್ತು. ತೊಂದರೆಯಿಲ್ಲದವರು ಅದನ್ನು ತೆಗೆಸಬೇಕಾಗಿಲ್ಲ ಎಂದೂ ಅದೇ ಪ್ರಕಟಣೆಯಲ್ಲಿತ್ತು. ಆದರೆ ಒಮ್ಮೆ ಕ್ಯಾನ್ಸರ್ ಕಂಡವಳ ಮನಸ್ಸು ಪ್ರಕಟಣೆಯ ಕೊನೆಯ ಪ್ಯಾರಾದವರೆಗೆ ಹೋಗುವುದಿಲ್ಲ. ನನ್ನೊಳಗಿರುವುದು ಅದೇ ಇರಬಹುದೆ? ಈ ಪ್ರಶ್ನೆಯನ್ನು ಐದು ವರ್ಷ ಯಾರಿಗೂ ಹೇಳದೆ ಹೊತ್ತು ತಿರುಗಿದೆ.

2023ರ ಕೊನೆಯಲ್ಲಿ ಎದೆಯ ಎಡಭಾಗ ಗಟ್ಟಿಯಾಗತೊಡಗಿತು. ಮಲಗಿದರೆ ನೋವು, ಕೈ ಎತ್ತಿದರೆ ಬಿಗಿತ. ಹೊರಗಿನ ಯಾವುದೇ ವಸ್ತು ಒಳಹೊಕ್ಕರೂ ದೇಹವು ಅದರ ಸುತ್ತ ಕಲೆಯ ಅಂಗಾಂಶದ ಒಂದು ಕವಚ ಕಟ್ಟುತ್ತದೆ. ಕೆಲವರಲ್ಲಿ ಆ ಕವಚ ಕ್ರಮೇಣ ಕುಗ್ಗಿ ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ನನಗಾದದ್ದು ಅದು. ಎಂಆರ್‌ಐ ಮಾಡಿಸಿದಾಗ ಚೀಲವೂ ಒಡೆದಿತ್ತು. ಜೆಲ್ ಮಾತ್ರ ಕವಚದೊಳಗೇ ನಿಂತಿತ್ತು. ಹೀಗೆ ಸದ್ದಿಲ್ಲದೆ ಒಡೆಯುವುದು ಹೊರಗೆ ತಿಳಿಯದು. ಆದ್ದರಿಂದಲೇ ಇಂಪ್ಲಾಂಟ್ ಇರಿಸಿದ ಐದಾರು ವರ್ಷಗಳಿಗೊಮ್ಮೆ, ಆ ಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಅಮೆರಿಕದ ಸಂಸ್ಥೆ 2020ರಿಂದ ಸಲಹೆ ನೀಡುತ್ತಿದೆ. ಹದಿನೈದು ವರ್ಷಗಳಲ್ಲಿ ನಾನು ಒಮ್ಮೆಯೂ ಮಾಡಿಸಿರಲಿಲ್ಲ.

ತೆಗೆಯುವುದಂತೂ ಅನಿವಾರ್ಯ. ಹೊಸದನ್ನು ಇರಿಸಬೇಕೆ, ಹಾಗೇ ಬಿಡಬೇಕೆ ಎಂಬುದು ನನ್ನ ಆಯ್ಕೆ ಎಂದರು ವೈದ್ಯೆ. ಅಕ್ಕ ಫೋನಿನಲ್ಲಿ, ‘ಈ ಪ್ರಾಯದಲ್ಲಿ ಅದೆಲ್ಲ ಇನ್ನು ಯಾಕೆ ಮಾರಾಯ್ತಿ?’ ಎಂದು ಕೇಳಿದಳು. ಪ್ರೀತಿಯಿಂದಲೇ ಕೇಳಿದ ಮಾತು. ನನ್ನಲ್ಲೂ ಅದೇ ಪ್ರಶ್ನೆ ಇತ್ತು. ಎರಡು ವಾರ ಯೋಚಿಸಿದೆ. ಅರವತ್ತೈದರಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಳ್ಳುವವಳನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಬೆಳಿಗ್ಗೆ ಸೀರೆಯುಟ್ಟು ಕನ್ನಡಿಯ ಮುಂದೆ ನಿಂತಾಗ ಕಾಯಿಲೆಯ ನೆನಪಾಗದಿರುವುದು ನನಗೆ ಒಂದು ನೆಮ್ಮದಿ. ಆ ನೆಮ್ಮದಿಗೆ ವಯಸ್ಸಿನ ಮಿತಿ ಇದೆಯೆಂದು ನನಗನ್ನಿಸಲಿಲ್ಲ. ನನ್ನ ಜಾಗದಲ್ಲಿ ಬೇರೊಬ್ಬಳು ಬೇಡವೆಂದಿದ್ದರೆ ಅದೂ ಅಷ್ಟೇ ಸರಿ. ವಿಮಾ ಕಂಪನಿ ಮಾತ್ರ ಮೊದಲಿಗೆ ಇದನ್ನು ‘ಸೌಂದರ್ಯ ಚಿಕಿತ್ಸೆ’ ಎಂದು ತಳ್ಳಿಹಾಕಿತು. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ರಚನೆಯನ್ನು ಆ ಹೆಸರಿನಲ್ಲಿ ಹೊರಗಿಡುವಂತಿಲ್ಲ ಎಂಬ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯನ್ನು ಉಲ್ಲೇಖಿಸಿ ಬರೆದ ಮೇಲೆ ಹಣ ಮಂಜೂರಾಯಿತು. ಇಂಥ ಪತ್ರ ಬರೆಯುವುದು ನನಗೆ ಹಳೆಯ ಅಭ್ಯಾಸ. ಆ ಅಭ್ಯಾಸವಿಲ್ಲದವರು ಕೈಯಿಂದ ಕಟ್ಟಿ ಸುಮ್ಮನಾಗುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರದ ಆರು ವಾರಗಳನ್ನು ಮೂಡುಬಿದಿರೆಯ ಮಗಳ ಮನೆಯಲ್ಲಿ ಕಳೆದೆ. ಪಕ್ಕೆಯಿಂದ ಹೊರಟ ಸಣ್ಣ ಕೊಳವೆಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಸೇರಿದ ದ್ರವವನ್ನು ದಿನಕ್ಕೆರಡು ಬಾರಿ ಅಳೆದು ಬರೆದಿಡಬೇಕು. ಮೊದಲ ದಿನಗಳಲ್ಲಿ ಎಂಬತ್ತು ಮಿಲಿಲೀಟರ್, ಆಮೇಲೆ ಐವತ್ತು. ಸತತ ಎರಡು ದಿನ ಮೂವತ್ತಕ್ಕಿಂತ ಕಡಿಮೆಯಾದಾಗ ಕೊಳವೆ ತೆಗೆದರು. ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ತುಂಬಿದ ಕೊಡ ಮುಟ್ಟುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ. ಕುಚ್ಚಲಕ್ಕಿ ಗಂಜಿಯನ್ನು ಬಲಗೈಯಿಂದ ಉಣ್ಣುವುದಕ್ಕೆ ಅಡ್ಡಿಯಿರಲಿಲ್ಲ. ತಲೆ ಬಾಚಿಕೊಳ್ಳಲು ಮಾತ್ರ ಮೊಮ್ಮಗಳೇ ಬೇಕು. ನಾಲ್ಕನೆಯ ವಾರ ಸಂಜೆಯ ಹೊತ್ತು ಸಾವಿರ ಕಂಬದ ಬಸದಿಯವರೆಗೆ ನಡೆದು ಅದರ ಜಗಲಿಯಲ್ಲಿ ಕುಳಿತು ಬರುವಷ್ಟಾದೆ. ಸಿದ್ಧಕಟ್ಟೆಯ ಮೂಲಕ ಬಂಟ್ವಾಳಕ್ಕೆ ಮರಳುವಾಗ ರಸ್ತೆಯ ಒಂದೊಂದು ಹೊಂಡಕ್ಕೂ ಎದೆಗೆ ದಿಂಬು ಒತ್ತಿಕೊಂಡಿದ್ದೆ. ಗಾಯ ಮಾಯುವುದಕ್ಕಿಂತ ನಿಧಾನವಾಗಿ ಮಾಯುವುದು ಧೈರ್ಯ ಎಂಬುದನ್ನು ಆ ವಾರಗಳಲ್ಲಿ ಕಂಡುಕೊಂಡೆ.

ಹೊರತೆಗೆದ ಹಳೆಯ ಇಂಪ್ಲಾಂಟಿನ ಮೇಲ್ಮೈ ನುಣುಪಾಗಿತ್ತು. ಹಿಂಬದಿಯಲ್ಲಿ ಅಚ್ಚೊತ್ತಿದ ಗುರುತು ಇನ್ನೂ ಓದುವಂತಿತ್ತು. ಹಿಂಪಡೆದ ಸಾಧನಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕವಚದ ಅಂಗಾಂಶ ಪರೀಕ್ಷೆಯಲ್ಲೂ ದೋಷವಿರಲಿಲ್ಲ. ಐದು ವರ್ಷಗಳ ಭಯಕ್ಕೆ ಆಧಾರವೇ ಇರಲಿಲ್ಲ. ಅಂಗೈಯಗಲದ ಒಂದು ಕಾರ್ಡ್ ಇದ್ದಿದ್ದರೆ ಅದು ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಚೇತರಿಸಿಕೊಂಡ ಮೇಲೆ ಬೆಳ್ತಂಗಡಿಗೆ ಹೋದಾಗ ಅಕ್ಕನ ನೆರೆಮನೆಯ ಹೆಂಗಸೊಬ್ಬಳು ನನ್ನನ್ನು ನೋಡಲು ಬಂದಳು. ಬೀಡಿ ಕಟ್ಟಿ ಬದುಕುವವಳು, ನಲವತ್ತೆರಡು ವಯಸ್ಸು. ಮೂರು ವರ್ಷಗಳ ಹಿಂದೆ ಅವಳಿಗೂ ಸ್ತನ ತೆಗೆದಿದ್ದರು. ರವಿಕೆಯೊಳಗೆ ಹತ್ತಿ ತುಂಬಿದ ಬಟ್ಟೆಯ ಗಂಟು ಇಟ್ಟುಕೊಳ್ಳುತ್ತಾಳೆ. ಅದು ಜಾರುತ್ತದೆಂದು ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ನನ್ನ ಕಥೆಯನ್ನೆಲ್ಲ ಕೇಳಿ, ‘ಹೀಗೊಂದು ಉಂಟೆಂದು ಆಗ ನೀವು ಹೇಳಿದ್ದರೆ ನಾನೂ ಡಾಕ್ಟರಲ್ಲಿ ಕೇಳುತ್ತಿದ್ದೆ ಅಕ್ಕಾ’ ಎಂದಳು. ಅದರಲ್ಲಿ ದೂರು ಇರಲಿಲ್ಲ. ಆದರೂ ಮಾತು ಚುಚ್ಚಿತು. ನಾನು ಅಟ್ಟಕ್ಕೆ ಹಾಕಿದ್ದು ನನ್ನ ಫೈಲನ್ನು ಮಾತ್ರ ಎಂದುಕೊಂಡಿದ್ದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕೆನೆತ್ ಆ್ಯರೋ 1963ರಲ್ಲಿ ಬರೆದ ಪ್ರಬಂಧವನ್ನು ಓದಿರುತ್ತಾರೆ. ವೈದ್ಯಕೀಯವು ಇತರ ಸರಕುಗಳಂತಲ್ಲ. ಇಲ್ಲಿ ಮಾರುವವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ ಎಂಬುದು ಅದರ ಸಾರ. ಇಂಪ್ಲಾಂಟಿನ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು: ಕೊಂಡ ವಸ್ತುವನ್ನು ಕೊಂಡವಳು ನೋಡುವುದೇ ಇಲ್ಲ. ಫ್ರಾನ್ಸಿನ ಪಿಐಪಿ ಎಂಬ ಕಂಪನಿ ಕಡಿಮೆ ಬೆಲೆಯ ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಅದರ ಸಂಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷದ ಸಜೆಯಾಯಿತು. ಆ ಪಾಠದಿಂದ ಬ್ರಿಟನ್ 2016ರಲ್ಲಿ ಸ್ತನ ಇಂಪ್ಲಾಂಟುಗಳ ನೋಂದಣಿ ಪುಸ್ತಕವನ್ನೇ ತೆರೆಯಿತು. ನಮ್ಮಲ್ಲಿ ಏನಾಯಿತು? ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೃತಕ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆದಾಗ ಭಾರತದಲ್ಲಿ ಸುಮಾರು 4,700 ಮಂದಿಗೆ ಅದನ್ನು ಅಳವಡಿಸಲಾಗಿತ್ತು. ಅವರಲ್ಲಿ ಬಹುಪಾಲು ಜನರ ಪತ್ತೆಯೇ ಸಿಕ್ಕಿಲ್ಲವೆಂಬುದು 2018ರಲ್ಲಿ ಹೊರಬಂತು.

ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ 2015ರಿಂದ ನಮ್ಮಲ್ಲಿದೆ, ವೈದ್ಯಕೀಯ ಸಾಧನಗಳ ನಿಯಮಾವಳಿ 2018ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ತೊಂದರೆಯನ್ನು ವರದಿ ಮಾಡಬೇಕಾದವಳ ಬಳಿ ಸಾಧನದ ಹೆಸರೇ ಇಲ್ಲದಿದ್ದರೆ ಏನು ಫಲ? ದೇಹದಲ್ಲಿ ಇರಿಸಿದ ಸಾಧನದ ವಿವರವನ್ನು ರೋಗಿಯ ಜೀವಿತಾವಧಿಯವರೆಗೆ ಕಾಪಾಡುವ ಹೊಣೆ ಆಸ್ಪತ್ರೆಗಿರಬೇಕು. ಬಿಡುಗಡೆಯ ದಿನ ಕಾರ್ಡನ್ನು ರೋಗಿಯ ಕೈಗಿತ್ತು, ಅದೇನೆಂದು ಅವಳ ಭಾಷೆಯಲ್ಲಿ ಹೇಳಬೇಕು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ರಾಜ್ಯ ನಮ್ಮದು. ಇದು ಅಸಾಧ್ಯವೆಂದು ನಾನಂತೂ ಒಪ್ಪಲಾರೆ.

ಹೊಸ ಇಂಪ್ಲಾಂಟಿನ ಕಾರ್ಡ್ ಈಗ ಕಪಾಟಿನಲ್ಲಿ, ಮನೆಯ ಆರ್‌ಟಿಸಿ ಇರುವ ಕವರಿನಲ್ಲೇ ಇದೆ. ಅದರ ಒಂದು ಪ್ರತಿಯನ್ನು ಮಗಳಿಗೆ ಕೊಟ್ಟಿದ್ದೇನೆ, ಇನ್ನೊಂದು ಅಕ್ಕನಲ್ಲಿದೆ. ಅಕ್ಕ ಅದನ್ನು ತಿರುಗಿಸಿ ನೋಡಿ, ‘ಇಷ್ಟೇ ಇಷ್ಟು ಕಾಗದವಾ?’ ಎಂದಳು. ಇಷ್ಟೇ. ಬೆಳ್ತಂಗಡಿಯ ಆ ಹೆಂಗಸನ್ನು ಮುಂದಿನ ವಾರ ಮಂಗಳೂರಿನ ವೈದ್ಯೆಯ ಬಳಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅವಳ ಹಳೆಯ ಚೀಟಿಗಳನ್ನೆಲ್ಲ ಜತೆಗೆ ತರಲು ಹೇಳಿದ್ದೇನೆ.