‘ಆಫ್ ಮಾಡಿ ಎಷ್ಟು ಹೊತ್ತಾಗಿತ್ತು?’

ಬೇಸಿಗೆಯ ಮಧ್ಯಾಹ್ನ. ಹಳೆಯ ಅಂಬಾಸಡರ್ ನೂರಾರು ಕಿಲೋಮೀಟರ್ ಸಲೀಸಾಗಿ ಓಡಿ ಬಂದಿದೆ. ದಾರಿಬದಿಯ ಹೋಟೆಲಿನ ಮುಂದೆ ನಿಲ್ಲಿಸಿ, ಊಟ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಸೆಲ್ಫ್ ಸುತ್ತುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿದರೆ ಮೂಗಿಗೆ ಅಡರುವ ಪೆಟ್ರೋಲ್ ವಾಸನೆ. ಇಂಥ ಕಾರನ್ನು ಕಾರ್ಬೊರೇಟರ್ ಬಲ್ಲ ಮೇಸ್ತ್ರಿಯ ಹತ್ತಿರ ಒಯ್ದರೆ, ಸ್ಪ್ಯಾನರಿಗೆ ಕೈ ಹಾಕುವ ಮೊದಲೇ ಅವರು ಕೇಳುತ್ತಾರೆ: ‘ಆಫ್ ಮಾಡಿ ಎಷ್ಟು ಹೊತ್ತಾಗಿತ್ತು?’

ಅರ್ಧ ರಿಪೇರಿ ಆ ಪ್ರಶ್ನೆಯಲ್ಲೇ ಇದೆ. ಕಾರ್ಬೊರೇಟರ್ ‘ಓವರ್’ ಆಗಲು, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಮಿತಿಮೀರಿ ಹೋಗಲು, ಕಾರಣಗಳು ಹಲವು. ಅವುಗಳನ್ನು ಬೇರೆಬೇರೆಯಾಗಿ ಗುರುತಿಸಲು ಸಮಯಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್, ಮುಂಬೈಯ ಕುರ್ಲಾದಿಂದ ಬಂದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800, ಈ ಮೂರರ ಪೆಟ್ರೋಲ್ ಕಾರುಗಳನ್ನೂ ದಶಕಗಳ ಕಾಲ ಓಡಿಸಿದ್ದು ಕಾರ್ಬೊರೇಟರ್. 2000ದ ಆಸುಪಾಸಿನಲ್ಲಿ ಹೊಗೆ ನಿಯಮಗಳು ಬಿಗಿಯಾದ ಮೇಲೆ ಅದರ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಅಲ್ಲಿಂದಾಚೆಗೆ ಗ್ಯಾರೇಜು ಸೇರಿದ ಹುಡುಗರು ಕಂಪ್ಯೂಟರ್ ಜೋಡಿಸಿ ದೋಷ ಹುಡುಕಲು ಕಲಿತರು. ಕಾರ್ಬೊರೇಟರಿಗೆ ಅಂಥ ಕಂಪ್ಯೂಟರ್ ಇಲ್ಲ. ಅದರ ದೋಷವನ್ನು ಕಣ್ಣು, ಮೂಗು, ಕಿವಿಗಳಿಂದಲೇ ಹಿಡಿಯಬೇಕು.

ಅದರ ಕೆಲಸ ಅರ್ಥವಾಗಲು ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಂಡರೆ ಸಾಕು. ನೀರು ಏರಿದಂತೆ ತೇಲುವ ಚೆಂಡು ಬಾಲ್‌ವಾಲ್ವನ್ನು ಮುಚ್ಚುತ್ತದೆ. ಕಾರ್ಬೊರೇಟರಿನ ಬಟ್ಟಲಲ್ಲಿ ಆ ಚೆಂಡಿನ ಹೆಸರು ಫ್ಲೋಟ್, ಅದು ಒತ್ತಿ ಮುಚ್ಚುವ ಮೊನೆ ನೀಡಲ್ ವಾಲ್ವ್. ಬಟ್ಟಲಿನ ಪೆಟ್ರೋಲ್, ಅದು ಹೊರಬರುವ ಸಣ್ಣ ಕೊಳವೆಯಾದ ಜೆಟ್ಟಿನ ಬಾಯಿಗಿಂತ ತುಸುವೇ ಕೆಳಗೆ ನಿಂತಿರಬೇಕು. ಎಂಜಿನ್ ಗಾಳಿ ಎಳೆದಾಗ ಅದು ಜೆಟ್ಟಿನಿಂದ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ. ಈ ಹದ ತೀರಾ ಕೆಟ್ಟು ಪೆಟ್ರೋಲ್ ಹೆಚ್ಚಾದರೆ ಕಿಡಿ ಹಾರಿದರೂ ಹೊತ್ತಿಕೊಳ್ಳುವುದಿಲ್ಲ.

ಹಾಗಾದರೆ ನಿಂತ ಕಾರಿನಲ್ಲಿ ಪೆಟ್ರೋಲ್ ಹೆಚ್ಚಾಗುವುದೇಕೆ? ಎಂಜಿನ್ ಆಫ್ ಆದೊಡನೆ ಫ್ಯಾನ್ ನಿಲ್ಲುತ್ತದೆ, ರೇಡಿಯೇಟರಿನ ನೀರು ಸುತ್ತುವುದೂ ನಿಲ್ಲುತ್ತದೆ. ಒಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಮೇಲಕ್ಕೇರುತ್ತದೆ. ಹಳೆಯ ಅಂಬಾಸಡರ್ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಹೊಗೆ ಹೋಗುವ ಮ್ಯಾನಿಫೋಲ್ಡೂ ಒಂದೇ ಬದಿಗಿವೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಹಾಲುಕ್ಕಿದಂತೆ ಬಟ್ಟಲಿನ ಪೆಟ್ರೋಲ್ ಉಕ್ಕಿ ಜೆಟ್ಟಿನಿಂದ ಒಳಗೆ ತೊಟ್ಟಿಕ್ಕುತ್ತದೆ. ಅತ್ತ ಪಂಪಿನಿಂದ ಬರುವ ಪೈಪಿನಲ್ಲೂ ಒತ್ತಡ ಏರಿ, ಸವೆದ ನೀಡಲನ್ನು ತಳ್ಳಿಕೊಂಡು ಇನ್ನಷ್ಟು ಪೆಟ್ರೋಲ್ ನುಗ್ಗುತ್ತದೆ.

ಪತ್ತೆಯ ಮೊದಲ ಹೆಜ್ಜೆ ಪ್ಲಗ್ ಬಿಚ್ಚುವುದು. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ನಾತ ಹೊಡೆದರೆ ‘ಓವರ್’ ಆಗಿರುವುದು ಖಚಿತ. ಒಣಗಿದ್ದರೆ ಕಾಯಿಲೆ ಬೇರೆ. ಬಿಸಿಗೆ ಪೈಪಿನಲ್ಲಿ ಆವಿ ಕಟ್ಟಿ ಪೆಟ್ರೋಲ್ ಬರುತ್ತಲೇ ಇಲ್ಲದಿರಬಹುದು. ಇವೆರಡನ್ನೂ ಬೆರೆಸಿಕೊಂಡು ಕಾಸು ಕಳೆದುಕೊಂಡವರು ಬಹಳ ಮಂದಿ.

ಎರಡನೆಯದು ಕಾದು ನೋಡುವುದು. ಏರ್ ಫಿಲ್ಟರ್ ತೆಗೆದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕಾರ್ಬೊರೇಟರಿನ ಗಂಟಲಿಗೆ ಟಾರ್ಚ್ ಬಿಡಬೇಕು. ಆಫ್ ಮಾಡಿದ ಕೂಡಲೇ ತೊಟ್ಟಿಕ್ಕಿದರೆ, ತಣ್ಣಗಿರುವಾಗಲೂ ಹಾಗೇ ಆದರೆ, ತಪ್ಪು ಫ್ಲೋಟಿನದೋ ನೀಡಲಿನದೋ ಆಗಿರುತ್ತದೆ. ಐದು ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಶುರುವಾದರೆ ಕಾವಿನದು. ಮತ್ತೊಮ್ಮೆ ಬಿಸಿ ಮಾಡಿ, ಆಫ್ ಮಾಡಿದೊಡನೆ ರಬ್ಬರ್ ಪೈಪನ್ನು ಹಿಚುಕಿ ಹಿಡಿದಾಗ ತೊಟ್ಟಿಕ್ಕುವುದು ನಿಂತರೆ, ಪೆಟ್ರೋಲ್ ನೀಡಲ್ ದಾಟಿ ಬರುತ್ತಿದೆ ಎಂದರ್ಥ. ನಿಲ್ಲದಿದ್ದರೆ ಕುದಿಯುತ್ತಿರುವುದು ಬಟ್ಟಲೊಳಗಿನದೇ.

ಇಷ್ಟು ತಿಳಿದ ಮೇಲೆಯೇ ಬಿಚ್ಚುವ ಕೆಲಸ. ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಕುಲುಕಿದ ಸದ್ದಾದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ನೀಡಲಿನ ಮೊನೆಯಲ್ಲಿ ಉಂಗುರದಂತೆ ಗೀರು ಬಿದ್ದಿದ್ದರೆ ಅದು ಕೂರುವ ಸೀಟಿನ ಸಮೇತ ಬದಲಿಸಬೇಕು. ಕಸದ ಒಂದು ಕಣ ಸಿಕ್ಕಿಕೊಂಡಿದ್ದರೂ ವಾಲ್ವ್ ಮುಚ್ಚದು. ಕಾವಿನ ತೊಂದರೆಯಾದರೆ ಕಾರ್ಬೊರೇಟರಿನ ಕೆಳಗೆ ಕೂರುವ ಬೇಕಲೈಟ್ ತುಂಡು, ಕಾವು ತಡೆಯುವ ತಗಡು ಇವೆಯೇ ಎಂದು ನೋಡಬೇಕು. ಹಿಂದೆ ಯಾರೋ ಬಿಚ್ಚಿದವರು ಮರಳಿ ಕೂರಿಸದೇ ಬಿಟ್ಟ ಕಾರುಗಳೂ ಉಂಟು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪ್ಯಾಕಿಂಗುಗಳನ್ನೂ ಪರೀಕ್ಷಿಸಬೇಕು. ಅದನ್ನು ತಾಳುವಂತೆ ಅವು ತಯಾರಾದವಲ್ಲ.

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಣ್ತುಂಬ ನೋಡಬಹುದು. ಆದರೆ ರಸ್ತೆಯ ಮೇಲೆ ಓಡುವ ಹಳೆಯ ಕಾರು ಉಳಿಯುವುದು ಈ ಮೇಸ್ತ್ರಿಗಳ ಕೈಯಲ್ಲಿ. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ, ಪಕ್ಕದಲ್ಲಿ ನಿಂತು ಕಲಿಯುವ ಹುಡುಗರು ಕಡಿಮೆ.

ನಿಮ್ಮ ಮನೆಯಲ್ಲಿ ಅಂಥದೊಂದು ಕಾರಿದ್ದರೆ, ‘ಓವರ್’ ಆದಾಗ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯಬೇಡಿ, ಚೋಕ್ ಎಳೆಯಬೇಡಿ. ಹತ್ತು ನಿಮಿಷ ಬಾನೆಟ್ ತೆರೆದಿಡಿ. ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಸುಳಿಯದಿರಲಿ. ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿಲ್ಲವೆಂದು ಖಾತ್ರಿಯಾದ ಮೇಲೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮನೆಗೆ ಬಂದ ಮೇಲೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಓಡಿಸಬೇಡಿ. ಆಮೇಲೆ ಮೇಸ್ತ್ರಿಯ ಹತ್ತಿರ ಹೋಗಿ. ಕಾರು ನಿಲ್ಲಿಸಿ ಎಷ್ಟು ಹೊತ್ತಿಗೆ ಹೀಗಾಯಿತೆಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ.